ವಯೋಲಿನ್ ಫ್ರೀಜ್ ಮಾಡಿದ ಮ್ಯಾಲೆ ಕಾಕಾನ ಫೋನ್

…ಅಷ್ಟರಾಗ ಕಂಪ್ಯೂಟರ್ ಮತ್ತ ನಿಂತೇ ಬಿಡ್ತು ನೋಡ್ರೋ ದೋಸ್ತ್! ಹಾಡಿನ ಟ್ರ್ಯಾಕ್ ಮಾಡಾಕಂತ ವಯೋಲಿನ್, ಕೊಳಲು, ಟ್ರಂಪೆಟ್ ಎಲ್ಲಾ ಅದ್ರಾಗೇ ತುಂಬೇನಿ, ಪಾಪ ಉಸಿರಾಡಾಕ ಜಾಗ ಇಲ್ಲ. ಕಡೀಕ ವಯೋಲಿನ್ ಎಲ್ಲಾ ಫ್ರೀಜ್ ಮಾಡಿದೆ. ಅಂದ್ರ ಬಾರಿಸಿದ್ದಷ್ಟೇ ರೆಕಾರ್ಡಿಂಗ್ ಇಟ್ಕೊಂಡು, ವಾದ್ಯ ಮಾತ್ರ ಕಂಪ್ಯೂಟರಿನ ಮೆಮೊರಿ ರ್‍ಯಾಮಿಂದ ಇಳಿಸಿದೆ. ಹಗುರಾತು ಅಂತ ಪುಣೆ ರೂಮಿನ್ಯಾಗ ಚಾ ಕುಡ್ಯಾಕತ್ತಿದ್ದೆ, ನಮ್ಮೂರು ಅಂದೋಲಾದಿಂದ ಕಾಕಾನ ಫೋನ್. ನಾಳಿ ಮುಂಜಾನೆ ಮಠದಾಗ ಇದೇ ಟ್ರ್ಯಾಕಿಗೆ ಹಾಡಾಂವ ಅಂವ.

"ತಮ್ಮಾ, ಗಂಟಲು ಕೂತದ. ಕರಿ ಎರಡರ ಶ್ರುತಿಗೆ ಧ್ವನಿ ಏರವಲ್ದು, ಕರಿ ಒಂದಕ್ಕ ಇಳಿಸು."

"ಕಾಕಾ, ಎಲ್ಲಾ ವಯೋಲಿನ್ ಮತ್ತ ರ್‍ಯಾಮಿಗೆ ಏರಿಸ್ಬೇಕಾಗ್ತದ. ಮಷಿನ್ ತಡಿಯಂಗಿಲ್ಲ!"

"ಲೇ, ನಮ್ಮ ಹಾರ್ಮೋನಿಯಂ ಮಾಸ್ತರಗ ಹೇಳಿದ್ರ ಬೆರಳು ಸರಸ್ತಾನ, ಮುಗೀತು. ನಿನ್ನ ವಯೋಲಿನ್ ಮಂದಿ ಮಕ್ಕೊಂಡಾರೇನು?"

ರೆಕಾರ್ಡಿಂಗಿನ ಶ್ರುತಿನೇ ಇಳಿಸಿ ನೋಡಿದೆ, ವಯೋಲಿನ್‌ಗೆ ನೆಗಡಿ ಆದಂಗ ಕೇಳಾಕತ್ತು. ಈಗ ಟ್ರಂಪೆಟ್ ಅಳಿಸಿ, ವಯೋಲಿನ್ ಒಂದೊಂದೇ ಎಬ್ಬಸಾಕತ್ತೇನಿ. ನಡುವ ಮತ್ತ ನಿಂತ್ರ ನಾಳಿ ಕಾಕಾ ಮಂದಿ ಮುಂದ ಬರೇ ಕೈ ತಾಳದ ಮ್ಯಾಲೆ ಹಾಡಬೇಕು.

ಯಾರ್ದಾದ್ರೂ ಹತ್ರ ದೊಡ್ಡ ಕಂಪ್ಯೂಟರ್ ಇದ್ರ, ಮುಂಜಾನೆ ಐದೂವರಿ ಒಳಗ ಫೋನ್ ಮಾಡ್ರಿ. ಐದೂವರಿಗೆ ಟ್ರ್ಯಾಕ್ ಎಲ್ಲಿ ಅಂತ ಕಾಕಾ ಫೋನ್ ಮಾಡ್ತಾನ.