ಚೆಕ್ ಅನ್ನೋ ಮಾತಿನ ಮೇಲೆ ಅನುಮಾನ

ಕೆಲಸ ಬಿಟ್ಟು ಹೊರಟಾಗ ಮೇಸ್ತ್ರಿ ಬಾಗಿಲಲ್ಲಿ ತಡೆದು ನನ್ನ ಮುದ್ದೆಗೆ ಬೆರಳು ಹಾಕಿ ಬಗೆದ. ಮಧ್ಯಾಹ್ನ ಅರ್ಧ ಉಳಿಸಿದ್ದೆ, ಮನೆಗೆ ಒಯ್ದು ಎಮ್ಮೆಗೆ ಹಾಕೋಣ ಅಂತ. ಒಳಗೆ ರೇಷ್ಮೆ ಬಚ್ಚಿಟ್ಟಿದ್ದೀನಾ ಅಂತ ನೋಡ್ತಿದ್ದ.

"ಏನಣ್ಣಾ ಇದು?" ಅಂದೆ.

"ಚೆಕ್ಕು. ಯಜಮಾನ್ರು ಹೇಳವ್ರೆ. ಲುಂಗಿ ಒದರು."

ಒದರಿದೆ. ಏನೂ ಬೀಳಲಿಲ್ಲ.

ನಂದು ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸ. ಕೈಮಗ್ಗ. ಪವರ್ ಮಗ್ಗ ಆಗಿನ್ನೂ ನಮ್ಮ ಬೀದಿಗೆ ಬಂದಿರಲಿಲ್ಲ. ಯಜಮಾನ್ರು ರೇಷ್ಮೆ ನೂಲು ತೂಗಿ ಕೊಡ್ತಾರೆ, ನಾವು ಸೀರೆ ನೇಯ್ದು ವಾಪಸ್ ತೂಗಿಸ್ಬೇಕು. ಮಿಕ್ಕಿದ ಚೂರುಪಾರು ನೂಲೂ ತಕ್ಕಡಿಗೆ ಹಾಕ್ಬೇಕು. ತೂಕಕ್ಕೆ ತೂಕ ಸರಿಹೋಗ್ಬೇಕು. ನನ್ನ ಎರಡು ಸೀರೆ ತೂಕದಲ್ಲಿ ಕಮ್ಮಿ ಬಂದಿದ್ವು. ಇನ್ನೊಂದು ಕಮ್ಮಿ ಬಂದ್ರೆ ಮಗ್ಗ ಬಿಟ್ಟು ಹೋಗು ಅಂದಿದ್ರು. ಹಂಗೆ ಹೋದೋನಿಗೆ ಊರಲ್ಲಿ ಇನ್ಯಾರೂ ಮಗ್ಗ ಕೊಡಲ್ಲ. ಕಳ್ಳ ಅಂತ ಜನರ ಬಾಯಿಗೆ ಬಿದ್ರೆ ಮುಗೀತು.

ನಾನು ಕದ್ದಿರಲಿಲ್ಲ.

ಈ ಚೆಕ್ ಅನ್ನೋ ಮಾತು ಎಲ್ಲಾ ಕಡೆ ಇದೆ. ಬಸ್ಸಿಗೆ ಚೆಕಿಂಗ್‌ನೋನು ಹತ್ತಿದ್ರೆ ಟಿಕೆಟ್ ತಗೊಂಡಿರೋನೂ ಗಾಬರಿಯಾಗಿ ಜೇಬು ತಡಕ್ತಾನೆ. ರೋಡಲ್ಲಿ ಚೆಕ್‌ಪೋಸ್ಟು. ಬ್ಯಾಂಕಲ್ಲಿ ಚೆಕ್ಕು. ನನ್ನ ಲುಂಗಿ ಚೌಕುಳಿಗೂ ಚೆಕ್ಸು ಅಂತಾರೆ. ಒಂದೇ ಮಾತು ಇಷ್ಟು ಮನೇಲಿ ಊಟ ಮಾಡ್ತದೆ ಅಂದ್ರೆ ಅದನ್ನ ನಂಬಕ್ಕಾಗಲ್ಲ.

ಬಸ್ ಸ್ಟ್ಯಾಂಡ್ ಹತ್ರ ಗಡಿಯಾರ ರಿಪೇರಿ ಮಾಡೋ ಸಾಬರೊಬ್ರು ಇದ್ರು. ಸಾಯಂಕಾಲ ಅಂಗಡಿ ಮುಂದೆ ಚದುರಂಗ ಆಡ್ತಾ ಕೂರೋರು. ಓದ್ಕೊಂಡೋರು. ಅವರನ್ನ ಕೇಳ್ದೆ.

"ಅದರ ಬೇರು ಇಂಗ್ಲಿಷಲ್ಲ ಕಣಪ್ಪಾ, ಫಾರ್ಸಿ," ಅಂದ್ರು. "ಶಾ ಅಂದ್ರೆ ದೊರೆ. ಆಟದಲ್ಲಿ ದೊರೆಗೆ ಏಟು ಬೀಳೋ ಹಂಗಿದ್ರೆ ಶಾ ಅಂತ ಬಾಯಿಬಿಟ್ಟು ಹೇಳ್ಬೇಕು. ಅದು ಊರೂರು ಸುತ್ತಿ ಇಂಗ್ಲಿಷ್‌ನೋರ ಬಾಯಲ್ಲಿ ಚೆಕ್ ಆಯ್ತು. ಆಮೇಲೆ ಯಾರನ್ನ ತಡೆದ್ರೂ ಚೆಕ್ಕು, ತಡೆದು ನೋಡಿದ್ರೂ ಚೆಕ್ಕು. ಈ ಹಲಗೆ ಮೇಲಿನ ಚೌಕ ನೋಡು, ನಿನ್ನ ಲುಂಗಿ ಚೆಕ್ಸೂ ಇಲ್ಲಿಂದ್ಲೇ."

"ಬ್ಯಾಂಕಿಂದು?"

"ಅದೂನೂವೆ."

"ಎಲ್ಲಾ ನಿಮ್ಮೋರಿಂದ್ಲೇ ಬಂತು ಬಿಡಿ."

"ನಂಬಬೇಡ. ಹೋಗಿ ಚೆಕ್ ಮಾಡ್ಕೋ," ಅಂತ ನಕ್ಕು ಆನೆ ನಡೆಸಿದ್ರು.

ನಾನು ನಂಬಲಿಲ್ಲ. ದೊರೆಗೆ ಹೇಳೋ ಮಾತು ಕೂಲಿಯೋನ ಲುಂಗಿ ಒದರ್ಸಕ್ಕೆ ಹೆಂಗೆ ಬಂತು?

ಪಕ್ಕದ ಮಗ್ಗದ ಅಣ್ಣನ ಮೇಲೆ ನಂಗೆ ಅನುಮಾನ ಇತ್ತು. ಅವನ ಸೀರೆ ಯಾವತ್ತೂ ತೂಕಕ್ಕೆ ಸರಿ. ನನ್ನ ನೂಲು ಅವನೇ ಎತ್ಕೋತಾನೆ ಅಂದ್ಕೊಂಡು ಕಣ್ಣಿಟ್ಟೆ. ಒಂದಿನ ಸೀರೆ ತೂಗಿಸೋ ಮುಂಚೆ ಬಾಯ್ತುಂಬ ನೀರು ತುಂಬ್ಕೊಂಡು ಸೀರೆ ಮಡಿಕೆ ಒಳಗೆಲ್ಲ ಪುಸ್ಸಂತ ಊದ್ತಾ ಇದ್ದ.

"ಏನಣ್ಣಾ ಮಾಡ್ತಿದ್ದೀಯಾ?"

"ತೂಕ ತುಂಬಿಸ್ತಿದ್ದೀನಿ. ಒಣಗಿದ ಸೀರೇನ ಹಂಗೇ ಹೊತ್ಕೊಂಡು ಹೋಗ್ತೀಯಲ್ಲ, ನಿನ್ನಂಥ ಪೆದ್ದ ಈ ಬೀದೀಲೇ ಇಲ್ಲ ಕಣ್ಲಾ."

"ಕದ್ದಿಲ್ದೆ ಇದ್ರೆ ಯಾಕೆ ತುಂಬಿಸ್ಬೇಕು?"

"ಅವರು ಕೊಡೋವಾಗ ನೂಲು ಮುಟ್ಟಿ ನೋಡಿದ್ಯಾ?"

ಮುಟ್ಟಿದ್ದೆ. ನೋಡಿರಲಿಲ್ಲ.

ಮುಂದಿನ ಸಲ ನೂಲು ತೂಗಿ ಕೊಟ್ಟಾಗ ಸುರುಳಿ ಕಟ್ಟಿದ ಲಡಿನ ಕೆನ್ನೆಗೆ ಒತ್ಕೊಂಡೆ. ನೇಯೋರ ಬೆರಳು ಕಾಯಿಕಟ್ಟಿ ಸತ್ತಿರ್ತವೆ, ಕೆನ್ನೆಗೆ ಗೊತ್ತಾಗ್ತದೆ. ತಣ್ಣಗಿತ್ತು, ನೀರಿನ ಮಡಕೆ ತಳ ಮುಟ್ಟಿದಂಗೆ.

"ಇದನ್ನ ಬಿಸಿಲಿಗೆ ಹಾಕಿ ಇನ್ನೊಂದ್ಸಲ ತೂಗಿ," ಅಂದೆ.

ಯಜಮಾನ್ರು ತಕ್ಕಡಿ ಕೆಳಗಿಟ್ರು. "ನನ್ನನ್ನೇ ಚೆಕ್ ಮಾಡ್ತೀಯೇನೋ?"

"ಹೂಂ."

ಮಗ್ಗದ ಸದ್ದು ನಿಂತೋಯ್ತು. ಎಲ್ಲಾ ಈಚೆ ಬಂದ್ರು. ಅಷ್ಟು ಜನರ ಮುಂದೆ ಬೇಡ ಅನ್ನಕ್ಕೆ ಯಜಮಾನ್ರಿಗೂ ಆಗ್ಲಿಲ್ಲ. ಅಂಗಳದ ಹಗ್ಗಕ್ಕೆ ಲಡಿ ನೇತಾಕಿದ್ರು. ನಾನು ಕೆಳಗೇ ಕೂತೆ, ಯಾರೂ ಕೈ ಹಾಕದ ಹಂಗೆ. ಬಿಸಿಲು ಏರಿದ್ಮೇಲೆ ಅವೇ ತೂಕದ ಕಲ್ಲು ಹಾಕಿ ತೂಗಿದ್ರು. ನೂಲಿನ ತಟ್ಟೆ ಮೇಲೆದ್ದು ನಿಂತ್ಕೊಂತು. ನನ್ನ ಸೀರೇಲಿ ಕಮ್ಮಿ ಬಂದಿದ್ದು ಆ ಆರಿದ ನೀರಿನ ತೂಕವೇ.

ಯಜಮಾನ್ರು ಮೇಸ್ತ್ರಿ ಮುಖ ನೋಡಿದ್ರು. ಮೇಸ್ತ್ರಿ ಹಗ್ಗ ನೋಡ್ದ. ನೂಲಿಗೆ ನೀರು ಕುಡಿಸ್ತಿದ್ದಿದ್ದು ಇಬ್ರಲ್ಲಿ ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಇಬ್ರ ಮೇಲೂ ಅನುಮಾನ ಇದೆ. ಅಣ್ಣನ ಮೇಲಿಂದೂ ಪೂರ್ತಿ ಹೋಗಿಲ್ಲ.

ನನ್ನ ಮಗ್ಗ ಉಳೀತು. ಈಗ ನೂಲು ಒಣಗಿಸಿ ತೂಗ್ತಾರೆ. ಬಾಗಿಲಲ್ಲಿ ಮುದ್ದೆ ಬಗೆಯೋದು ಮಾತ್ರ ನಿಂತಿಲ್ಲ. ಇಷ್ಟೇ. ಇನ್ನೇನೂ ಹೇಳಕ್ಕಿಲ್ಲ.