ಕಿಟಕಿ ಆಚಾರ್ರ ಪ್ರಶ್ನೆಗಳು

ಹಳೇ ಕಿಟಕಿ ಕೀಳುವ ಮೊದಲು ಲಕ್ಷ್ಮಣಾಚಾರ್ರು ಅದರ ಮುಂದೆ ಕುರ್ಚಿ ಹಾಕಿಸಿಕೊಂಡು ಕಾಲು ಗಂಟೆ ಸುಮ್ಮನೆ ಕೂರುತ್ತಿದ್ದರು. ಕೂಲಿ ಕೊಡುವ ಯಜಮಾನರಿಗೆ ಮೈಯೆಲ್ಲ ಉರಿ. "ಇಲ್ಲಿ ಯಾರು ಕೂರ್ತಾರೆ, ಏನು ನೋಡ್ತಾರೆ ಅಂತ ತಿಳ್ಕಳ್ದೆ ಹೆಂಗ್ರೀ ಕೈ ಹಾಕೋದು?" ಎನ್ನುತ್ತಿದ್ದರು ಆಚಾರ್ರು. ಅತ್ತಿಗುಂಡಿಯ ಎಸ್ಟೇಟೊಂದರಲ್ಲಿ ಹಾಗೆ ಕೂತಿದ್ದಾಗ, ಮನೆಯ ಅಜ್ಜಿ ಕೆಳಗೆ ಮಣೆಯ ಮೇಲಿಂದ ಕಾಫಿ ಕಣದತ್ತ ಕತ್ತು ಚಾಚುವುದು ಅವರ ಕಣ್ಣಿಗೆ ಬಿತ್ತು. ಯಾರಿಗೂ ಹೇಳದೆ ಹೊಸ ಕಿಟಕಿಯನ್ನು ಒಂದು ಗೇಣು ಕೆಳಗಿಳಿಸಿದರು. ಯಜಮಾನರು ಬೈದರು. ಅಜ್ಜಿ ಮಾತ್ರ ಅಂದಿನಿಂದ ಕಣದ ಆಳುಗಳನ್ನು ಕೂತಲ್ಲಿಂದಲೇ ಗದರಿಸತೊಡಗಿದರು.

ಆಲ್ದೂರಿನಲ್ಲಿ ಅವರ ಮರಗೆಲಸದ ಶೆಡ್ಡಿನ ಪಕ್ಕದಲ್ಲೇ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿ. ಬೆಳಗಿನಿಂದ ಒಂದೇ ಪುರಾಣ: "ಅಪ್‌ಡೇಟ್ ಕೇಳ್ತಿದೆ, ಒತ್ಲಾ ಬೇಡ್ವಾ?" "ಯಾಕಿಷ್ಟು ಸ್ಲೋ?" ಹೇಳಿ ಹೇಳಿ ಸಾಕುಸಾಕಾಗಿರುತ್ತಿತ್ತು. ಸಂಜೆ ಆಚಾರ್ರು ಬಂದು ಶುರು ಮಾಡುತ್ತಿದ್ದರು.

"ಆಪರೇಟಿಂಗ್ ಸಿಸ್ಟಮ್ ಅಂದ್ರೆ ಎಂಥದು ಮಾರಾಯ?"

"ಎಸ್ಟೇಟಿಗೆ ಮೇಸ್ತ್ರಿ ಇದ್ದಂಗೆ ಆಚಾರ್ರೇ. ಯಾರು ಯಾವ ಕೆಲಸ ಮಾಡ್ಬೇಕು ಅಂತ ಅದೇ ಹೇಳೋದು."

"ಮೇಸ್ತ್ರಿ ಬದಲಾದ್ರೂ ಒಳಗಿರೋರು ಅಲ್ಲೇ ಇರ್ತಾರಲ್ಲ?"

"ಇರ್ತಾರೆ, ಇರ್ತಾರೆ," ಎಂದೆ, ತಲೆಯೆತ್ತದೆ. ಅವರನ್ನು ಸಾಗಹಾಕಿದರೆ ಸಾಕಾಗಿತ್ತು.

ಮರುವಾರ, ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋಗಿದ್ದ ಕಂಪ್ಯೂಟರನ್ನು ಹೊತ್ತು ತಂದರು. "ಹೊಸ ಮೇಸ್ತ್ರಿ ಹಾಕ್ಕೊಡು." ಆ ದಿನ ನನ್ನ ಮೇಜಿನ ಮೇಲೆ ಇನ್ನೂ ಆರು ಕಾದಿದ್ದವು. ಒಳಗೇನಿದೆ ಎಂದು ಕೇಳಲಿಲ್ಲ. ಇದ್ದದ್ದನ್ನೆಲ್ಲ ಅಳಿಸಿ ಹೊಸದು ಹಾಕಿದೆ.

ಸಂಜೆ ಬಂದು ಆನ್ ಮಾಡಿ ಹುಡುಕಿದರು. "ಸರೋಜಂದು ಎಲ್ಲಿ?"

ಸರೋಜಮ್ಮ ಅವರ ಹೆಂಡತಿ, ತೀರಿಕೊಂಡು ವರ್ಷವಾಗಿತ್ತು. ಆಕೆ ಹೇಳಿದ ಸೋಬಾನೆ ಹಾಡುಗಳನ್ನು ಮಗಳು ರೆಕಾರ್ಡ್ ಮಾಡಿ ಅದರಲ್ಲಿ ತುಂಬಿಟ್ಟಿದ್ದಳಂತೆ. ಬೇರೆಲ್ಲೂ ಇರಲಿಲ್ಲ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ತಪ್ಪಾಯ್ತು ಆಚಾರ್ರೇ. ಎಲ್ಲಾ ಅಳಿಸ್ಬಿಟ್ಟೆ. ಕೇಳ್ಬೇಕಿತ್ತು."

"ನಾನೂ ಹೇಳ್ಲಿಲ್ವಲ್ಲ," ಎಂದರು. ಆಮೇಲೆ, "ವಾಪಸ್ ಬರುತ್ತಾ?"

"ನೋಡ್ತೀನಿ."

ಒಂದು ವಾರ ಗುದ್ದಾಡಿದೆ. ಬರುವುದಿಲ್ಲ ಎಂದು ಖಾತ್ರಿಯಾಯಿತು. ಆದರೆ ಆಚಾರ್ರು ದಿನಾ ಸಂಜೆ ಬಾಗಿಲಲ್ಲಿ ನಿಂತು "ಸಿಕ್ತಾ?" ಎಂದಾಗ "ನೋಡ್ತಿದ್ದೀನಿ" ಎನ್ನುತ್ತಿದ್ದೆ. ಬೇರೆ ಪ್ರಶ್ನೆ ಕೇಳುವುದನ್ನೇ ಅವರು ಬಿಟ್ಟುಬಿಟ್ಟರು. ಈ ಒಂದು ಪ್ರಶ್ನೆಗಿಂತ ಹಳೆಯ ನೂರು ಪ್ರಶ್ನೆಗಳೇ ವಾಸಿಯಾಗಿದ್ದವು. ಹೀಗೇ ಎಂಟು ತಿಂಗಳು ತಳ್ಳಿದೆ. ಹೇಡಿ ನಾನು.

ಕಳೆದ ಆಷಾಢದಲ್ಲಿ ಅವರಿಗೆ ಉಸಿರಾಟದ ತೊಂದರೆ ಜಾಸ್ತಿಯಾಯಿತು. ಚಿಕ್ಕಮಗಳೂರಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಜೀಪನ್ನು ಅವರೇ ಹೇಳಿ ನನ್ನ ಅಂಗಡಿ ಮುಂದೆ ನಿಲ್ಲಿಸಿದರು. ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಓಡಿಹೋದೆ.

"ಒಬ್ನೇ ಹುಡುಕಿ ಸುಸ್ತಾಗಿದ್ದಿ ಮಾರಾಯ," ಎಂದರು. "ನಾನು ಬಂದ್ಮೇಲೆ ಇಬ್ರೂ ಕೂತು ಹುಡುಕಾಣ."

"ಹ್ಞೂಂ, ಬನ್ನಿ," ಎಂದೆ.

ಮೂರನೇ ದಿನ ಆಸ್ಪತ್ರೆಯಲ್ಲೇ ಹೋದರು, ನಾನಿನ್ನೂ ಹುಡುಕುತ್ತಿದ್ದೇನೆ ಎಂದುಕೊಂಡೇ.