ಐದನೇ ಪ್ಲೇಟಿನ ಕೆಂಪು

ನಾನು ಹುಟ್ಟಾ ಪುಕ್ಕಲಿ. ಸಕಲೇಶಪುರದ ಪ್ರಿಂಟಿಂಗ್ ಅಂಗಡಿಯಲ್ಲಿ ಫೈಲ್‌ಗಳನ್ನು ಅಚ್ಚಿಗೆ ಸಿದ್ಧ ಮಾಡುವುದು ನನ್ನ ಕೆಲಸ. ಲಗ್ನಪತ್ರಿಕೆಯಲ್ಲಿ ಒಂದು ಒತ್ತಕ್ಷರ ತಪ್ಪಿದರೂ ನನ್ನ ಎದೆ ಡವಗುಟ್ಟುತ್ತದೆ. ಆದರೆ ಕೈಕಾಲು ತಣ್ಣಗಾಗುವ ಭಯ ಏನೆಂದು ಗೊತ್ತಾಗಿದ್ದು ಒಂದು ಸ್ಟಿಕ್ಕರಿನಿಂದ.

ಹಾನುಬಾಳು ಕಡೆಯ ಎಸ್ಟೇಟೊಂದಕ್ಕೆ ಔಷಧಿ ಕ್ಯಾನುಗಳ ಮೇಲೆ ಅಂಟಿಸಲು ಸ್ಟಿಕ್ಕರ್ ಬೇಕಿತ್ತು. ಕಾಫಿ ಗಿಡಕ್ಕೆ ಹೊಡೆಯುವ ಔಷಧಿಯನ್ನು ಅಲ್ಲಿನ ಸ್ಟೋರಿನಲ್ಲಿ ದೊಡ್ಡ ಡಬ್ಬದಿಂದ ಚಿಕ್ಕ ಕ್ಯಾನುಗಳಿಗೆ ಸುರಿದಿಡುತ್ತಾರೆ. ಕೆಂಪು ತ್ರಿಕೋನವಿದ್ದರೆ ಕಡುವಿಷ, ಆಳುಗಳು ಮುಟ್ಟುವಂತಿಲ್ಲ. ಹಳದಿಯಾದರೆ ಅವರೇ ಎತ್ತಿಕೊಂಡು ನೀರಿಗೆ ಬೆರೆಸುತ್ತಾರೆ. ಆ ಆಳುಗಳಲ್ಲಿ ನನ್ನ ಅವ್ವನೂ ಒಬ್ಬಳು. ಅವಳಿಗೆ ಓದು ಬಾರದು. "ಬಣ್ಣ ನೋಡಿದ್ರೆ ಸಾಕು ಕಣವ್ವ, ಅಕ್ಷರ ಯಾಕೆ?" ಎಂದು ನಾನೇ ಧೈರ್ಯ ಹೇಳಿದ್ದೆ.

ಫೈಲನ್ನು ಎಸ್ಟೇಟಿನವರೇ ಯಾರಿಂದಲೋ ಮಾಡಿಸಿದ್ದರು. ನಾನು ರಜೆಯಲ್ಲಿದ್ದಾಗ ಬಂದ ಅದನ್ನು ನಮ್ಮ ಮಾಲೀಕರು ಹಾಗೇ ಹಾಸನದ ಪ್ರೆಸ್ಸಿಗೆ ಕಳಿಸಿ ಅಚ್ಚು ಹಾಕಿಸಿದರು. ನಾನು ಮರಳಿ ಅಂಗಡಿಗೆ ಬಂದ ಬೆಳಗ್ಗೆ ಸ್ಟಿಕ್ಕರಿನ ಕಟ್ಟು ಆಗಲೇ ಎಸ್ಟೇಟಿನ ಜೀಪು ಹತ್ತಿ ಹೋಗಿತ್ತು. ಮೇಜಿನ ಮೇಲೆ ಉಳಿದಿದ್ದ ಹಾಳೆ ನೋಡಿದೆ. 'ಕಡುವಿಷ' ಎಂಬ ಅಕ್ಷರ ಕಪ್ಪಗೆ ಚೆಂದಾಗಿ ಮೂಡಿತ್ತು. ಪಕ್ಕದ ತ್ರಿಕೋನ ಹಳದಿ.

ಫೈಲ್ ತೆರೆದೆ. ಪರದೆಯಲ್ಲಿ ಕೆಂಪಗೇ ಇತ್ತು! ನೀಲಿ, ಮೆಜೆಂಟಾ, ಹಳದಿ, ಕಪ್ಪು, ಈ ನಾಲ್ಕು ಶಾಯಿಗಳಿಂದಲೇ ನಮ್ಮ ಬಣ್ಣಗಳೆಲ್ಲ ಹುಟ್ಟಬೇಕು. ಒಂದೊಂದಕ್ಕೆ ಒಂದೊಂದು ಅಚ್ಚಿನ ಪ್ಲೇಟು. ಪರದೆಯ ಮೇಲೆ ಶಾಯಿಗಳನ್ನು ಒಂದೊಂದಾಗಿ ಮರೆಮಾಡುತ್ತಾ ಹೋದೆ. ಕೊನೆಯಲ್ಲಿ ಐದನೆಯದೊಂದು ಕೂತಿತ್ತು, ಬೇರೆಯೇ ಒಂದು ಕೆಂಪು ಶಾಯಿ. ಫೈಲ್ ಮಾಡಿದ ಪುಣ್ಯಾತ್ಮ ಹಳದಿ ತ್ರಿಕೋನವನ್ನೇ ನಕಲು ಮಾಡಿ, ಅದರ ಮೇಲೆ ಈ ಕೆಂಪನ್ನು ಹೊದಿಸಿದ್ದ. ನಾಲ್ಕು ಬಣ್ಣದ ಕೆಲಸವೆಂದು ಹಾಸನದವರು ಐದನೇ ಪ್ಲೇಟು ಬಿಟ್ಟಿದ್ದರು. ಕೆಂಪು ಹೋಗಿ ಅಡಿಯ ಹಳದಿ ಉಳಿದಿತ್ತು.

ಫೋನ್ ಮಾಡಿದೆ. ಅವ್ವ ಕೆಲಸಕ್ಕೆ ಹೋಗುವಾಗ ಫೋನನ್ನು ಆಳುಗಳ ಸಾಲುಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲೇ, ಇಟ್ಟಿರುತ್ತಾಳೆ. ಸ್ಟೋರ್ ನೋಡಿಕೊಳ್ಳುವ ರೈಟರ್ ಸಿಗಲಿಲ್ಲ. ಸಿಕ್ಕಿದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವ್ವನ ಕೈಗಳೇ ಕಣ್ಣಮುಂದೆ. ರೈಟರ್ ಅಕ್ಷರ ಓದಿ ಅಂಟಿಸಿರುತ್ತಾನೆ, ಬಣ್ಣ ನೋಡಿರುವುದಿಲ್ಲ. ಓದು ಬಂದವರೆಲ್ಲ ಹಾಗೇ. ಬಸ್ಸು ನಿಂತಲ್ಲೆಲ್ಲ ಡ್ರೈವರಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ, ಪಾಪ.

ಸ್ಟೋರಿನ ಹಿಂದೆ ನೀರಿನ ಡ್ರಮ್ಮಿನ ಪಕ್ಕ ಅವ್ವ ಬರಿಗೈಯಲ್ಲಿ ಕ್ಯಾನಿನ ಮುಚ್ಚಳ ತಿರುಗಿಸುತ್ತಿದ್ದಳು.

"ಅವ್ವಾ, ಬುಡು ಅದನ್ನ!" ಎಂದು ಕಿರುಚಿದೆ.

ಅವ್ವ ಬೆಚ್ಚಿಬಿದ್ದಳು. "ಯಾಕ್ ಮಗಾ ಹಿಂಗ್ ಓಡ್ ಬಂದೆ? ಹಳದಿ ಐತೆ ಕಣೇ."

"ಅದು ಕೆಂಪು ಕಣವ್ವ. ಅಚ್ಚಲ್ಲಿ ತಪ್ಪಾಗ್ಬುಟ್ಟೈತೆ."

ಮುಚ್ಚಳ ಪೂರ್ತಿ ಬಿಚ್ಚಿರಲಿಲ್ಲ. ಆದರೂ ಅವಳನ್ನು ನಲ್ಲಿಗೆ ಎಳೆದೊಯ್ದು ಕೈಗೆ ಸೋಪು ಹಚ್ಚಿ ತಿಕ್ಕಿದೆ. ಅವ್ವ ಕ್ಯಾನಿನ ಕಡೆಗೇ ನೋಡುತ್ತಿದ್ದಳು.

ಆ ಸ್ಟಿಕ್ಕರುಗಳನ್ನೆಲ್ಲ ಸುಡಿಸಿದೆವು. ಮೆಜೆಂಟಾ ಮತ್ತು ಹಳದಿ ಬೆರೆತೇ ಕೆಂಪು ಮೂಡುವಂತೆ ಫೈಲ್ ತಿದ್ದಿ ಹೊಸದಾಗಿ ಅಚ್ಚು ಹಾಕಿಸಿ, ಕಟ್ಟು ಬಿಚ್ಚಿ ಒಂದೊಂದು ಹಾಳೆಯನ್ನೂ ನಾನೇ ನೋಡಿ ಕಳಿಸಿದೆ. ಈಗ ಎಲ್ಲ ಸರಿಯಾಗಿದೆ. ಆದರೂ ಔಷಧಿ ಹೊಡೆಯುವ ದಿನ ಬೆಳಗ್ಗೆ ಅವ್ವ ಲೈನ್ ಮನೆಯಿಂದ ಫೋನ್ ಮಾಡುತ್ತಾಳೆ.

"ಇವತ್ತು ಹಳದಿ ಅಂದ್ರೆ ಹಳದೀನೇ ತಾನೇ ಮಗಾ?"

ನಾನು ಹೂಂ ಅನ್ನುತ್ತೇನೆ. ಸಂಜೆ ಅವಳ ದನಿ ಕೇಳುವವರೆಗೆ ನನಗೆ ಊಟ ಸೇರುವುದಿಲ್ಲ.